ಶಾಲೆ, ಆಸ್ಪತ್ರೆಗಳನ್ನೇ ಅನುಮಾನಿಸಿದವರು: ಯಾವ ಪುಸ್ತಕ, ಎಲ್ಲಿಂದ ಶುರು ಮಾಡಬೇಕು?

ಸಾಲುಮರ:
ನಮ್ಮ ಓದುಬಳಗಕ್ಕೆ ಮುಂದಿನ ಎರಡು ತಿಂಗಳ ವಿಷಯ ನಿಗದಿಯಾಗಿದೆ. ಶಾಲೆ, ಆಸ್ಪತ್ರೆ, ಕೋರ್ಟು ಇವೆಲ್ಲ ಇರುವುದೇ ನಮ್ಮ ಒಳಿತಿಗಾಗಿ ಎಂಬ ನಂಬಿಕೆಯನ್ನು ಬುಡಸಮೇತ ಅಲ್ಲಾಡಿಸಿದ ಬರಹಗಾರರನ್ನು ಓದಬೇಕೆಂದಿದ್ದೇವೆ. ವಿಶ್ವವಿದ್ಯಾಲಯದ ಕುರ್ಚಿಯಾಗಲಿ ಪಕ್ಷದ ಬೆಂಬಲವಾಗಲಿ ಇಲ್ಲದೆ ಬರೆದವರಾದರೆ ಇನ್ನೂ ಒಳ್ಳೆಯದು. ಸದ್ಯಕ್ಕೆ ಪಟ್ಟಿಯಲ್ಲಿರುವುದು ಧರಂಪಾಲ್, ಇವಾನ್ ಇಲಿಚ್, ಗಾಂಧೀಜಿಯ ‘ಹಿಂದ್ ಸ್ವರಾಜ್’. ಯಾವುದನ್ನು ಮೊದಲು ಓದಬೇಕು, ಯಾವ ಅಧ್ಯಾಯ ಬಿಟ್ಟರೂ ನಡೆಯುತ್ತದೆ, ಓದುಗರು ಸಾಮಾನ್ಯವಾಗಿ ಎಡವುವುದೆಲ್ಲಿ? ಬಲ್ಲವರು ತಿಳಿಸಿ. ವಾಟ್ಸಾಪಿನಲ್ಲಿ ಹರಿದಾಡುವ ಸಾಲುಗಳು ಬೇಡ, ಅವು ಎಲ್ಲರ ಹತ್ತಿರವೂ ಇವೆ.

ಕಡತದಹುಳ:
ಧರಂಪಾಲರಿಂದಲೇ ಶುರು ಮಾಡಿ ಸರ್. ಬ್ರಿಟಿಷ್ ಆಳ್ವಿಕೆಯ ಆರಂಭದಲ್ಲಿ ನಮ್ಮ ಊರ ಶಾಲೆಗಳು ಹೇಗಿದ್ದವು ಎಂಬುದಕ್ಕೆ ಈಸ್ಟ್ ಇಂಡಿಯಾ ಕಂಪನಿಯ ಕಡತಗಳನ್ನೇ ಹುಡುಕಿ ತೆಗೆದ ಗಾಂಧಿವಾದಿ ಇತಿಹಾಸಕಾರ ಅವರು. ಪುಸ್ತಕ ‘ದಿ ಬ್ಯೂಟಿಫುಲ್ ಟ್ರೀ’, 1983. ಆದರೆ ಹಿಂದಿನಿಂದ ಓದಿ. ಮುನ್ನುಡಿ ನೂರು ಪುಟವೂ ಇಲ್ಲ, ಉಳಿದದ್ದೆಲ್ಲ ದಾಖಲೆ. ಮುನ್ನುಡಿ ಓದಿ ಮುಗಿಸಿದವರು ‘ಬ್ರಿಟಿಷರು ಬರುವ ಮೊದಲು ನಮ್ಮಲ್ಲಿ ಎಲ್ಲರೂ ಓದಿದವರೇ’ ಎಂದು ಭಾಷಣ ಮಾಡುತ್ತಾರೆ. ದಾಖಲೆ ಓದಿದವರು ಹಾಗೆ ಮಾಡುವುದಿಲ್ಲ.

ಓದುವ ಕ್ರಮ ಹೀಗಿರಲಿ. ಮೊದಲು ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರ ಜೂನ್ 25ರಂದು ಬರೆದ ಟಿಪ್ಪಣಿ. ಪ್ರತಿ ಜಿಲ್ಲೆಯ ಕಲೆಕ್ಟರನೂ ತನ್ನಲ್ಲಿ ಎಷ್ಟು ಶಾಲೆಗಳಿವೆ, ಯಾವ ಜಾತಿಯ ಎಷ್ಟು ಹುಡುಗರು, ಎಷ್ಟು ಹುಡುಗಿಯರು ಕಲಿಯುತ್ತಿದ್ದಾರೆ ಎಂದು ನಮೂನೆ ತುಂಬಿ ಕಳಿಸಬೇಕೆಂಬ ಆದೇಶ ಹೊರಟದ್ದು ಅಲ್ಲಿಂದ. ಆಮೇಲೆ ಬಳ್ಳಾರಿ ಕಲೆಕ್ಟರ್ ಕ್ಯಾಂಬೆಲ್‌ನ ವರದಿ, 1823ರ ಆಗಸ್ಟ್ 17. ಆಮೇಲೆ ಎಲ್ಲ ಜಿಲ್ಲೆಗಳನ್ನೂ ಒಟ್ಟು ಹಾಕಿ ಮನ್ರೋ ಬರೆದ 1826ರ ಮಾರ್ಚ್ 10ರ ಟಿಪ್ಪಣಿ. ಇಷ್ಟಾದ ಮೇಲೆ ಧರಂಪಾಲರ ಮುನ್ನುಡಿಗೆ ಬನ್ನಿ. ಅವರು ಯಾವುದನ್ನು ಎತ್ತಿ ಹಿಡಿದಿದ್ದಾರೆ, ಯಾವುದನ್ನು ಒಂದೇ ಸಾಲಿನಲ್ಲಿ ದಾಟಿದ್ದಾರೆ ಎಂಬುದು ನಿಮಗೇ ಕಾಣುತ್ತದೆ.

ಕೊನೆಯಲ್ಲಿರುವ ಗಾಂಧಿ–ಹಾರ್ಟಾಗ್ ಪತ್ರಗಳನ್ನು ಮಾತ್ರ ಬಿಡಬೇಡಿ. 1931ರ ಅಕ್ಟೋಬರ್ 20ರಂದು ಲಂಡನ್ನಿನ ಚಾಥಮ್ ಹೌಸ್‌ನಲ್ಲಿ ಗಾಂಧಿ, ಐವತ್ತು ನೂರು ವರ್ಷದ ಹಿಂದಿಗಿಂತ ಇಂದಿನ ಭಾರತದಲ್ಲಿ ಅನಕ್ಷರತೆ ಹೆಚ್ಚು ಎಂದರು. ಢಾಕಾ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿದ್ದ ಫಿಲಿಪ್ ಹಾರ್ಟಾಗ್ ಪುರಾವೆ ಕೇಳಿದರು. ಗಾಂಧಿ ಕೊಟ್ಟದ್ದು ತಮ್ಮ ಪತ್ರಿಕೆ ‘ಯಂಗ್ ಇಂಡಿಯಾ’ದ ಲೇಖನಗಳನ್ನು. ಅದು ಸಾಲದು ಎಂದು ಹಾರ್ಟಾಗ್ ಪಟ್ಟು ಹಿಡಿದರು, 1939ರಲ್ಲಿ ಪುಸ್ತಕವನ್ನೇ ತಂದರು. ಮದ್ರಾಸಿನ ಕಡತಗಳನ್ನು ಧರಂಪಾಲರು ಒಟ್ಟಿಗೆ ಅಚ್ಚು ಹಾಕಿಸಿದ್ದು ಅದಕ್ಕೂ ನಾಲ್ಕು ದಶಕ ಆದಮೇಲೆ. ಪುರಾವೆ ಕೇಳಿದವನನ್ನು ಬ್ರಿಟಿಷ್ ಏಜೆಂಟ್ ಎನ್ನದೆ ಉತ್ತರ ಬರೆಯುವುದು ಹೇಗೆ ಎಂಬುದಕ್ಕೆ ಆ ಪತ್ರಗಳು ಒಳ್ಳೆಯ ಮಾದರಿ.

ಹಂಪಿದಾರಿ:
ಬಳ್ಳಾರಿ ವರದಿ ನಮ್ಮ ಕಡೆಯವರಂತೂ ಓದಲೇಬೇಕ್ರಿ. ಲೆಕ್ಕ ಎಷ್ಟು ಸ್ವಚ್ಛ ಐತಿ ನೋಡ್ರಿ: ಕನ್ನಡ ಶಾಲಿ 235, ತೆಲುಗು 226, ಮರಾಠಿ 23, ಫಾರಸಿ 21, ತಮಿಳು 4, ಇಂಗ್ಲಿಷ್ 1. ಬ್ರಾಹ್ಮಣರಿಗಷ್ಟೇ ಇದ್ದ ಸಂಸ್ಕೃತ ಪಾಠಶಾಲಿ 23. ಕೂಡಿಸಿದ್ರ 533. ಮಕ್ಕಳು 6,641.

ತೆಲುಗು ಶಾಲಿ ಇಷ್ಟು ಯಾಕ ಅಂತ ಗಾಬರಿ ಆಗಬ್ಯಾಡ್ರಿ. ಆಗಿನ ಬಳ್ಳಾರಿ ಜಿಲ್ಲಾದಾಗ ಅನಂತಪುರನೂ ಇತ್ತು, ಅದು ಬ್ಯಾರೆ ಆಗಿದ್ದು 1882ರಾಗ. ಇದು ಗೊತ್ತಿಲ್ಲದೆ ಇಂದಿನ ಬಳ್ಳಾರಿಗೂ ಆಗಿನ ಬಳ್ಳಾರಿಗೂ ತಾಳೆ ಹಾಕಿದ್ರ ಎಲ್ಲಾ ತಪ್ಪತೈತಿ.

ಶಾಲಿ ಒಳಗ ಏನು ನಡೀತಿತ್ತು ಅನ್ನೋದನ್ನೂ ಕ್ಯಾಂಬೆಲ್ ಬರದಾನ. ಮುಂಜಾನೆ ಮೊದಲು ಬಂದ ಹುಡುಗನ ಅಂಗೈ ಮ್ಯಾಲೆ ಸರಸ್ವತಿ ಹೆಸರು ಬರೀತಿದ್ರು. ಎರಡನೇಯವಗ ಸೊನ್ನಿ, ಅಂದ್ರ ಹೊಗಳಿಕಿನೂ ಇಲ್ಲ ಬೈಗುಳನೂ ಇಲ್ಲ. ಮೂರನೇಯವಗ ಮೆಲ್ಲಗ ಒಂದು ಏಟು, ನಾಕನೇಯವಗ ಎರಡು, ಹಿಂಗ ಏರ್ಕೋತ ಹೋಗೋದು. ತಪ್ಪು ಮಾಡಿದವರನ್ನ ಎರಡೂ ಕೈ ಕಟ್ಟಿ ರಾಟಿಗೆ ಹಾಕಿ ಮಾಡಿಗೆ ತೂಗು ಹಾಕತಿದ್ರು. ‘ನಮ್ಮ ಹಳೇ ಶಾಲಿ ಸ್ವರ್ಗ’ ಅನ್ನೋರು ಈ ಸಾಲು ಹೇಳೋದಿಲ್ಲ. ಮುಂದಿನ ಹುಡುಗ ಹಿಂದಿನ ಹುಡುಗಗ ಕಲಿಸೋ ಪದ್ಧತಿಯನ್ನ ಅದೇ ಕ್ಯಾಂಬೆಲ್ ಮೆಚ್ಚಿ, ಇಂಗ್ಲೆಂಡಿನವರು ಇದನ್ನ ಅನುಕರಿಸಿದ್ದು ಸರಿಯಾಗೇ ಐತಿ ಅಂದಾನ. ‘ಎಲ್ಲಾ ಕತ್ತಲಿ’ ಅನ್ನೋರು ಆ ಸಾಲು ಹೇಳೋದಿಲ್ಲ.

ಲಿಂಗಾಯತ ಹುಡುಗರು ಓದೋ ಪುಸ್ತಕದ ಪಟ್ಟಿನೂ ಐತ್ರಿ. ಇಂಗ್ಲಿಷ್ ಕಾಗುಣಿತ ಕೆಟ್ಟು ಕೆರ ಹಿಡದೈತಿ, ಜೋರಾಗಿ ಓದಿದ್ರ ಗಿರಿಜಾ ಕಲ್ಯಾಣ, ಚೆನ್ನಬಸವ ಪುರಾಣ ಅಂತ ಗುರುತು ಸಿಗತಾವ.

ಸಾಲುಮರ:
533 ಶಾಲೆ ಎಂದರೆ ಆ ಕಾಲಕ್ಕೆ ದೊಡ್ಡ ಸಂಖ್ಯೆಯೇ ಅಲ್ಲವೇ? ಧರಂಪಾಲರ ವಾದ ಇಲ್ಲಿಗೆ ಗೆದ್ದಂತಾಯಿತಲ್ಲ?

ಕಡತದಹುಳ:
ಶಾಲೆ ಎಣಿಸಬೇಡಿ, ಮಕ್ಕಳನ್ನು ಎಣಿಸಿ. ಬಳ್ಳಾರಿಯ ಜನಸಂಖ್ಯೆ 9,27,857. ಅದರಲ್ಲಿ 6,641 ಮಕ್ಕಳು ಎಂದರೆ ಸಾವಿರಕ್ಕೆ ಏಳು ಚಿಲ್ಲರೆ. ಕ್ಯಾಂಬೆಲ್ ಇದನ್ನು ಬರೆದದ್ದು ಹೆಮ್ಮೆಯಿಂದಲ್ಲ, ಬೇಸರದಿಂದ. ಯೂರೋಪಿನ ಬಟ್ಟೆ ಬಂದು ನೇಕಾರರು ಕೆಟ್ಟರು, ದುಡ್ಡು ಜಿಲ್ಲೆಯಿಂದ ಹೊರಗೆ ಹೋಯಿತು, ನಾಡೇ ಬಡವಾಯಿತು, ಅದಕ್ಕೇ ಶಾಲೆಗಳು ಮುಚ್ಚಿದವು ಎನ್ನುತ್ತಾನೆ. ಕಂಪನಿಯ ಸಂಬಳ ತಿನ್ನುವ ಅಧಿಕಾರಿ ಕಂಪನಿಯ ಆಳ್ವಿಕೆಯನ್ನೇ ದೂರಿದ್ದು ಇಲ್ಲಿ ತೂಕದ ಮಾತು.

ಇಡೀ ಮದ್ರಾಸು ಪ್ರಾಂತದ ಲೆಕ್ಕವನ್ನು ಮನ್ರೋ ಹೇಗೆ ಹಾಕಿದ ಎಂಬುದನ್ನು ಬಳಗದಲ್ಲಿ ಕಾಗದದ ಮೇಲೆ ಮಾಡಿ ನೋಡಿ. ಜನಸಂಖ್ಯೆ 1,28,50,941, ಶಾಲೆ 12,498, ವಿದ್ಯಾರ್ಥಿಗಳು 1,88,650. ಇದರಲ್ಲಿ ಹುಡುಗಿಯರನ್ನು ಕಳೆದರೆ ಹುಡುಗರು 1,84,110. ಜನಸಂಖ್ಯೆಯಲ್ಲಿ ಅರ್ಧ ಗಂಡಸರು, ಅವರಲ್ಲಿ ಒಂಬತ್ತನೇ ಒಂದು ಪಾಲು ಐದರಿಂದ ಹತ್ತು ವರ್ಷದವರು ಎಂದು ಹಿಡಿದರೆ ಸುಮಾರು 7,13,000 ಹುಡುಗರು. ಹಾಗಾಗಿ ಶಾಲೆಯಲ್ಲಿದ್ದವರು ನಾಲ್ಕರಲ್ಲಿ ಒಬ್ಬ. ಮನೆಯಲ್ಲಿ ಕಲಿಯುವವರನ್ನೂ ಸೇರಿಸಿ ‘ಮೂರರಲ್ಲಿ ಒಬ್ಬ’ ಎನ್ನುತ್ತಾನೆ.

ಈ ಲೆಕ್ಕ ಎರಡು ಕಡೆ ಸಡಿಲ. ಹತ್ತು ದಾಟಿದ ಹುಡುಗರೂ ಶಾಲೆಯಲ್ಲಿದ್ದರೆ ಭಾಗಿಸಬೇಕಾದ ಸಂಖ್ಯೆ ಹಿಗ್ಗುತ್ತದೆ, ಪಾಲು ಇಳಿಯುತ್ತದೆ. ಇನ್ನು ಮನೆಪಾಠದ ಅಂಕಿ. ಮದ್ರಾಸು ನಗರದ ಕಲೆಕ್ಟರ್ ಶಾಲೆಗೆ ಹೋಗುವವರ ಸುಮಾರು ಐದು ಪಟ್ಟು ಮಕ್ಕಳು ಮನೆಯಲ್ಲೇ ಕಲಿಯುತ್ತಾರೆಂದು ಬರೆದ. ಇದರಲ್ಲಿ ಏನೋ ತಪ್ಪಿರಬೇಕು ಎಂದು ಮನ್ರೋನೇ ಅನುಮಾನಪಟ್ಟ.

ಇದೇ ಅಳತೆಗೋಲನ್ನು ನಮ್ಮೂರುಗಳಿಗೆ ಹಿಡಿಯಿರಿ. ಬಳ್ಳಾರಿಯಲ್ಲಿ ಹುಡುಗರು 6,581, ಆ ವಯಸ್ಸಿನವರು ಸುಮಾರು 51,500. ಎಂಟರಲ್ಲಿ ಒಬ್ಬ. ಶ್ರೀರಂಗಪಟ್ಟಣ ಆಗ ಕಂಪನಿಯ ಕೈಯಲ್ಲಿದ್ದರಿಂದ ಅದೂ ಪಟ್ಟಿಯಲ್ಲಿದೆ: ಜನ 31,612, ಶಾಲೆ 41, ಮಕ್ಕಳು 627, ಅವರಲ್ಲಿ ಹುಡುಗಿಯರು 14. ಅಲ್ಲಿ ಮೂರರಲ್ಲಿ ಒಬ್ಬ ಹುಡುಗನಿಗಿಂತ ಸ್ವಲ್ಪ ಹೆಚ್ಚು! ಒಂದೇ ಪುಸ್ತಕದ ಒಂದೇ ಪಟ್ಟಿಯಲ್ಲಿ ಎರಡು ಕನ್ನಡ ಸೀಮೆಗಳ ನಡುವೆ ಇಷ್ಟು ಅಂತರವಿರುವಾಗ ‘ಹಿಂದಿನ ಭಾರತದಲ್ಲಿ ಹೀಗಿತ್ತು’ ಎಂದು ಒಂದೇ ವಾಕ್ಯದಲ್ಲಿ ಹೇಳುವುದು ಯಾರಿಗೂ ಆಗದ ಕೆಲಸ.

ಕಡಲತಡಿ:
ಮತ್ತೆ ನಮ್ಮ ಕೆನರಾ ಎಲ್ಲಿ ಮಾರಾಯ್ರೆ? ಮಂಗಳೂರು, ಕಾರವಾರದ ಅಂಕಿ ಎಷ್ಟು ಹುಡುಕಿದರೂ ಸಿಗಲಿಲ್ಲ.

ಕಡತದಹುಳ:
ಸಿಗುವುದಿಲ್ಲ. ಕೆನರಾದ ಕಲೆಕ್ಟರ್ ನಮೂನೆಯನ್ನೇ ತುಂಬಲಿಲ್ಲ. ಆಗ ಉತ್ತರ ದಕ್ಷಿಣ ಎರಡೂ ಸೇರಿ ಒಂದೇ ಜಿಲ್ಲೆ. ಅಲ್ಲಿನ ಕಲಿಕೆ ಖಾಸಗಿಯಾಗಿ ನಡೆಯುವಂಥದ್ದು ಎಂಬ ಅರ್ಥದ ಪತ್ರ ಬರೆದು ಕೈತೊಳೆದುಕೊಂಡ. ಮೈಸೂರು ರಾಜ್ಯ ಮದ್ರಾಸು ಪ್ರಾಂತಕ್ಕೆ ಸೇರಿರಲಿಲ್ಲ, ಹಾಗಾಗಿ ಅದೂ ಇಲ್ಲ. ‘ಕರ್ನಾಟಕದ ಶಾಲೆಗಳು’ ಎಂದು ಯಾರಾದರೂ ಈ ಪುಸ್ತಕದಿಂದ ಅಂಕಿ ಕೊಟ್ಟರೆ ಅದು ಬಹುಪಾಲು ಬಳ್ಳಾರಿ ಮತ್ತು ಶ್ರೀರಂಗಪಟ್ಟಣ ಎಂದು ತಿಳಿಯಿರಿ.

ಬೆಳಕಿಂಡಿ:
ಜಾತಿಯ ಕಾಲಂ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. ಬಳ್ಳಾರಿ ಪಟ್ಟಿಯಲ್ಲಿ ಬ್ರಾಹ್ಮಣರು 1,185, ವೈಶ್ಯರು 981, ಶೂದ್ರರು 2,998, ಇತರ ಜಾತಿಗಳು 1,174, ಮುಸ್ಲಿಮರು 243, ಹುಡುಗಿಯರು 60. ಶೂದ್ರರು ಮತ್ತು ಇತರರು ಸೇರಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಎಂಬುದು ನಿಜ, ಬ್ರಾಹ್ಮಣರಷ್ಟೇ ಓದುತ್ತಿದ್ದರು ಎಂಬ ಮಾತನ್ನು ಇದು ಮುರಿಯುತ್ತದೆ. ಧರಂಪಾಲರಿಗೆ ಈ ಶ್ರೇಯ ಸಲ್ಲಲೇಬೇಕು. ಆದರೆ ‘ಇತರ ಜಾತಿ’ ಎಂದರೆ ಹೊಲಗೇರಿಯ ಮಕ್ಕಳು ಎಂದು ಓದಿಕೊಳ್ಳುವವರಿದ್ದಾರೆ. ಆ ಕಾಲಂ ಅಷ್ಟು ಹೇಳುವುದಿಲ್ಲ. ಅದು ಕಲೆಕ್ಟರ್ ಕಚೇರಿ ಮಾಡಿಕೊಂಡ ವಿಂಗಡಣೆ, ಯಾರ್ಯಾರನ್ನು ಅದರೊಳಗೆ ತುಂಬಿದರು ಎಂಬುದು ಪಟ್ಟಿಯಲ್ಲಿಲ್ಲ. ಹುಡುಗಿಯರು ನೂರಕ್ಕೆ ಒಬ್ಬಳೂ ಇಲ್ಲ ಎಂಬುದನ್ನಂತೂ ವಿವರಿಸುವ ಅಗತ್ಯವೇ ಇಲ್ಲ.

ಆದ್ದರಿಂದ ಧರಂಪಾಲರ ಜೊತೆಗೇ ಜ್ಯೋತಿಬಾ ಫುಲೆ 1882ರಲ್ಲಿ ಬ್ರಿಟಿಷ್ ಸರ್ಕಾರದ ಶಿಕ್ಷಣ ಆಯೋಗಕ್ಕೆ (ಹಂಟರ್ ಆಯೋಗ) ಕೊಟ್ಟ ಮನವಿಯನ್ನು ಓದಿ. ಕೆಲವೇ ಪುಟ. ರೈತರ ಕಂದಾಯದ ಹಣದಲ್ಲಿ ಮೇಲ್ಜಾತಿಯವರ ಉನ್ನತ ಶಿಕ್ಷಣ ನಡೆಯುತ್ತಿದೆ, ಹಳ್ಳಿಯ ಪ್ರಾಥಮಿಕ ಶಾಲೆಗೆ ದುಡ್ಡಿಲ್ಲ ಎಂಬ ದೂರು. ಸರ್ಕಾರಿ ಶಾಲೆಯನ್ನು ಫುಲೆ ಟೀಕಿಸುವುದು ಅದು ಬೇಡವೆಂದಲ್ಲ, ಸಾಲದೆಂದು. ಇಲಿಚ್ ಓದುವ ಮೊದಲು ಈ ವ್ಯತ್ಯಾಸ ಮನಸ್ಸಿನಲ್ಲಿರಲಿ. ಶಾಲೆಯ ಒಳಗಿದ್ದು ಬೇಸತ್ತವರ ಟೀಕೆ ಒಂದು ಬಗೆ, ಹೊಸ್ತಿಲಲ್ಲೇ ತಡೆಸಿಕೊಂಡವರ ಟೀಕೆ ಇನ್ನೊಂದು ಬಗೆ.

ಸ್ವತಂತ್ರ ಬರಹಗಾರ ಎಂಬ ಮಾತು ನಿಜವಾಗಿ ಒಪ್ಪುವುದು ಅಂಬೇಡ್ಕರರ ‘ಜಾತಿ ವಿನಾಶ’ಕ್ಕೆ. ಜಾತಿ ಮುರಿಯಲೆಂದೇ ಹುಟ್ಟಿದ ಲಾಹೋರಿನ ಜಾತ್-ಪಾತ್-ತೋಡಕ್ ಮಂಡಲ ಭಾಷಣಕ್ಕೆ ಕರೆದು, ಬರೆದದ್ದನ್ನು ನೋಡಿ ಹೆದರಿ ಸಮ್ಮೇಳನವನ್ನೇ ರದ್ದು ಮಾಡಿತು. 1936ರಲ್ಲಿ ಅವರೇ 1,500 ಪ್ರತಿ ಅಚ್ಚು ಹಾಕಿಸಿದರು, ಎರಡು ತಿಂಗಳಲ್ಲಿ ಖಾಲಿ. ಎರಡನೇ ಮುದ್ರಣದ ಮುನ್ನುಡಿಯಲ್ಲಿ ಗುಜರಾತಿ, ತಮಿಳು, ಮರಾಠಿ, ಹಿಂದಿ, ಪಂಜಾಬಿ, ಮಲಯಾಳಂ ಅನುವಾದಗಳ ಮಾತಿದೆ. ಕನ್ನಡದ ಹೆಸರಿಲ್ಲ!

ಗಾಣಿಗ:
ಇಲಿಚ್ ಬಗ್ಗೆ ನಾನು ಬರೀತೀನಿ. ವಿಯೆನ್ನಾದಲ್ಲಿ ಹುಟ್ಟಿದ ಪಾದ್ರಿ, ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ ಕೇಂದ್ರ ಕಟ್ಟಿ ಚರ್ಚಿನ ಜೊತೆಗೇ ಜಗಳಕ್ಕೆ ಬಿದ್ದವನು. ಎಲ್ಲರೂ ‘ಡಿಸ್ಕೂಲಿಂಗ್ ಸೊಸೈಟಿ’ (1971) ಕೈಗೆ ತಗೊಂಡು ಮೂರನೇ ಅಧ್ಯಾಯದಲ್ಲಿ ಸುಸ್ತಾಗ್ತಾರೆ. ಅದರ ಬದಲು ‘ಎನರ್ಜಿ ಅಂಡ್ ಈಕ್ವಿಟಿ’ಯಿಂದ ಶುರು ಮಾಡಿ. ನೂರು ಪುಟದೊಳಗಿನ ಪುಸ್ತಕ, ಅದರಲ್ಲೊಂದು ಲೆಕ್ಕ ಇದೆ: ಅಮೆರಿಕದ ಗಂಡಸು ವರ್ಷಕ್ಕೆ 1,600 ಗಂಟೆಗಿಂತ ಹೆಚ್ಚು ಹೊತ್ತನ್ನ ಕಾರಿಗೆ ಕೊಡ್ತಾನೆ, ಓಡಿಸೋದು 7,500 ಮೈಲಿ, ಅಂದ್ರೆ ಗಂಟೆಗೆ ಐದು ಮೈಲಿಗಿಂತ ಕಮ್ಮಿ. ಓಡಿಸೋ ಹೊತ್ತಷ್ಟೇ ಅಲ್ಲ, ಕಾರಿನ ಖರ್ಚಿಗಾಗಿ ದುಡಿಯೋ ಹೊತ್ತನ್ನೂ ಅವನು ಸೇರಿಸ್ತಾನೆ.

ಇದನ್ನ ಬೆಂಗಳೂರಿನ ಸ್ಕೂಟರಿಗೆ ಹಾಕೋದು ಹೀಗೆ. ಅಂಕಿಗಳು ಊಹೆಯವು, ನಿಮ್ಮದನ್ನ ತುಂಬಿಕೊಳ್ಳಿ. ದಿನಕ್ಕೆ 20 ಕಿ.ಮೀ., ವರ್ಷಕ್ಕೆ 300 ದಿನ, ಒಟ್ಟು 6,000 ಕಿ.ಮೀ. ಟ್ರಾಫಿಕ್ಕಲ್ಲಿ ಗಂಟೆಗೆ 20 ಕಿ.ಮೀ. ಅಂದ್ರೆ 300 ಗಂಟೆ ಸೀಟಿನ ಮೇಲೆ. ಲಕ್ಷ ರೂಪಾಯಿ ಗಾಡಿಯನ್ನ ಹತ್ತು ವರ್ಷಕ್ಕೆ ಹಂಚಿದರೆ 10,000. ಲೀಟರಿಗೆ 45 ಕಿ.ಮೀ. ಕೊಟ್ಟರೆ 133 ಲೀಟರ್, ನೂರರಂತೆ 13,300. ಇನ್ಶೂರೆನ್ಸ್, ಸರ್ವೀಸು, ಟೈರು ಸೇರಿ 6,700. ಒಟ್ಟು 30,000. ತಿಂಗಳಿಗೆ 200 ಗಂಟೆ ದುಡಿದು 20,000 ತರುವವನಿಗೆ ಗಂಟೆಗೆ ನೂರು ರೂಪಾಯಿ, ಅಂದ್ರೆ ಗಾಡಿಗಾಗಿ ಇನ್ನೂ 300 ಗಂಟೆ ದುಡಿತ. 6,000 ಕಿ.ಮೀ.ಗೆ 600 ಗಂಟೆ, ವೇಗ ಗಂಟೆಗೆ 10. ಇದಕ್ಕೆ ಸೈಕಲ್ಲೇ ಸಾಕಿತ್ತು.

ಈಗ ಎಡವೋ ಜಾಗ. ಗಂಟೆಗೆ 400 ರೂಪಾಯಿ ಸಂಬಳದವನಿಗೆ ಅದೇ ಖರ್ಚು 75 ಗಂಟೆ ಅಷ್ಟೇ, ವೇಗ 16ಕ್ಕೆ ಏರುತ್ತೆ. ಅಂದ್ರೆ ಈ ಸೂತ್ರ ಗಾಡಿಯ ವೇಗಕ್ಕಿಂತ ಹೆಚ್ಚಾಗಿ ಸಂಬಳವನ್ನ ಅಳೆಯುತ್ತೆ. ಒಂದೇ ಸಿಗ್ನಲ್ಲಲ್ಲಿ ಒಂದೇ ಗಾಡಿ ಮೇಲೆ ನಿಂತ ಇಬ್ಬರ ವೇಗ ಬೇರೆ ಬೇರೆ. ಇಲಿಚ್ ಹೇಳೋದೂ ಕೊನೆಗೆ ಅದನ್ನೇ: ವೇಗ ಹೆಚ್ಚಿದಷ್ಟೂ ಅಸಮಾನತೆ ಹೆಚ್ಚುತ್ತೆ. ‘ಕಾರಿಗಿಂತ ನಡೆಯೋದೇ ಜೋರು’ ಅಂತ ತಮಾಷೆ ಮಾಡಿ ಬಿಟ್ಟವರಿಗೆ ಆ ಭಾಗ ಸಿಗೋದೇ ಇಲ್ಲ.

ಇದಾದ ಮೇಲೆ ‘ಡಿಸ್ಕೂಲಿಂಗ್’ನ 1, 2, 6ನೇ ಅಧ್ಯಾಯ ಓದಿ. ಆರನೇದರಲ್ಲಿ ಶಾಲೆಗೆ ಬದಲಿ ಏನು ಅಂತ ನಾಲ್ಕು ಜಾಲ ಹೇಳ್ತಾನೆ: ಕಲಿಕೆಯ ಸಾಮಾನು ಸಿಗೋ ವ್ಯವಸ್ಥೆ, ಕಸುಬು ಬಲ್ಲವರ ಪಟ್ಟಿ, ಒಂದೇ ಆಸಕ್ತಿಯವರನ್ನ ಜೋಡಿಸೋದು, ಬಿಡಿ ಶಿಕ್ಷಕರ ವಿವರ. ಕೊನೇ ಅಧ್ಯಾಯ ಗ್ರೀಕ್ ಪುರಾಣ, ಪುರುಸೊತ್ತಿದ್ದರೆ ಸೈ.

ಸ್ಟೆತಸ್ಕೋಪು:
ಇಲಿಚ್ ವೈದ್ಯಪದ್ಧತಿಯನ್ನು ಟೀಕಿಸಿ ಬರೆದ ‘ಮೆಡಿಕಲ್ ನೆಮೆಸಿಸ್’ ಬಗ್ಗೆ ಒಂದು ಎಚ್ಚರಿಕೆ. ಇಲಿಚ್ ಅಲ್ಲಿ ನ್ಯೂಯಾರ್ಕಿನ ಕ್ಷಯರೋಗದ ಸಾವಿನ ಲೆಕ್ಕ ಕೊಡುತ್ತಾನೆ: 1812ರಲ್ಲಿ ಹತ್ತು ಸಾವಿರಕ್ಕೆ 700ಕ್ಕಿಂತ ಹೆಚ್ಚು, ವಿಜ್ಞಾನಿ ಕಾಖ್ ಅದರ ರೋಗಾಣುವನ್ನು ಕಂಡುಹಿಡಿದ 1882ರ ಹೊತ್ತಿಗೆ 370, 1910ಕ್ಕೆ 180, ಆಂಟಿಬಯಾಟಿಕ್ ಬಳಕೆಗೆ ಬರುವ ಮೊದಲೇ 48. ಔಷಧಿ ಬರುವ ಮೊದಲೇ ರೋಗ ಇಳಿದಿತ್ತು ಎಂಬುದು ವಾದ. ಇಳಿಕೆಯ ದಿಕ್ಕು ಸರಿ. ಆದರೆ ಅಂಕಿಯನ್ನು ಒಮ್ಮೆ ನಿಂತು ನೋಡಿ. ಹತ್ತು ಸಾವಿರಕ್ಕೆ 700 ಎಂದರೆ ಪ್ರತಿ ವರ್ಷ ನೂರಕ್ಕೆ ಏಳು ಜನ ಒಂದೇ ರೋಗದಿಂದ ಸಾಯಬೇಕು. ಊರೇ ಉಳಿಯುವುದಿಲ್ಲ. ಲಕ್ಷಕ್ಕೆ ಎಂದು ಓದಿಕೊಂಡರೆ ಮಾತ್ರ ಅರ್ಥವಾಗುತ್ತದೆ. ಎಷ್ಟೋ ಜನ ಈ ಸಾಲನ್ನು ಹಾಗೇ ನಕಲು ಮಾಡುತ್ತಾ ಬಂದಿದ್ದಾರೆ, ಭಾಗಾಕಾರ ಮಾಡಿ ನೋಡಿಲ್ಲ.

ಇನ್ನೊಂದು ಮಾತು. ಪೌಷ್ಟಿಕ ಆಹಾರ, ಗಾಳಿ ಬೆಳಕಿನ ಮನೆ ರೋಗವನ್ನು ತಗ್ಗಿಸುತ್ತವೆ ಎಂಬುದು ಊರಿಗೆಲ್ಲ ಅನ್ವಯಿಸುವ ಮಾತು. ರೋಗ ಅಂಟಿದ ಒಬ್ಬನಿಗೆ ಅದು ಮದ್ದಲ್ಲ. ಇದನ್ನು ಓದಿ ಕ್ಷಯದ ಮಾತ್ರೆಯನ್ನು ಅರ್ಧಕ್ಕೆ ಬಿಟ್ಟರೆ, ಔಷಧಿಗೆ ಬಗ್ಗದ ಕ್ಷಯ ಬರಬಹುದು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ, ಎರಡೇ ತಿಂಗಳಲ್ಲಿ ಕೆಮ್ಮು ನಿಂತರೂ ಪೂರ್ತಿ ನುಂಗಬೇಕು.

ಆಸ್ಪತ್ರೆಯ ಟೀಕೆಯೇ ಬೇಕೆಂದರೆ ಇದಕ್ಕಿಂತ ಹರಿತವಾದದ್ದು ನಮ್ಮ ತುಮಕೂರಿನಲ್ಲೇ ಆಗಿದೆ. 1959ರಲ್ಲಿ ಶುರುವಾದ ಬೆಂಗಳೂರಿನ ರಾಷ್ಟ್ರೀಯ ಕ್ಷಯ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನ. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಮೂಢನಂಬಿಕೆಯಿಂದ ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗಿನ ಅಧಿಕಾರಿಗಳ ನಂಬಿಕೆ. ಮನೆ ಮನೆಗೆ ಹೋಗಿ ಕೇಳಿದಾಗ ಕ್ಷಯ ಇದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ತಮಗೇನೋ ಆಗಿದೆ ಎಂದು ಗೊತ್ತಿತ್ತು, ಸುಮಾರು ಅರ್ಧದಷ್ಟು ಜನ ಆಸ್ಪತ್ರೆಗೂ ಹೋಗಿಬಂದಿದ್ದರು. ಅಲ್ಲಿ ಕೈಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. ಕಫ ಪರೀಕ್ಷೆ ಮಾಡಲಿಲ್ಲ. ತಪ್ಪು ಜನರದ್ದೋ ಸಂಸ್ಥೆಯದ್ದೋ ಎಂಬುದನ್ನು ಒಂದೇ ಕೋಷ್ಟಕ ತೀರ್ಮಾನ ಮಾಡಿಬಿಟ್ಟಿತು. ಬರೆದವರು ಸಂಸ್ಥೆಯ ಒಳಗಿನವರೇ. ಹೊರಗೆ ನಿಂತು ಕೂಗಿದವನೇ ಬಂಡಾಯಗಾರ ಎಂದು ಸಾಲುಮರ ಅವರು ಹಾಕಿಕೊಂಡ ಷರತ್ತನ್ನು ಸ್ವಲ್ಪ ಸಡಿಲಿಸಬಹುದು.

ಸಾಲುಮರ:
ಸಡಿಲಿಸಿದೆ ಡಾಕ್ಟ್ರೇ. ಹಾಗಾದರೆ ‘ಹಿಂದ್ ಸ್ವರಾಜ್’ ಎಲ್ಲಿ ಬರಬೇಕು? ಮೊದಲೋ ಕೊನೆಗೋ?

ಗಾಣಿಗ:
ನಡುವೆ, ಇಲಿಚ್‌ಗೆ ಅಂಟಿಕೊಂಡ ಹಾಗೆ. 1909ರ ನವೆಂಬರಲ್ಲಿ ಲಂಡನ್ನಿಂದ ದಕ್ಷಿಣ ಆಫ್ರಿಕಾಕ್ಕೆ ಹೋಗೋ ಹಡಗಲ್ಲಿ, ಬಲಗೈ ಸೋತಾಗ ಎಡಗೈಯಲ್ಲಿ, ಹತ್ತು ದಿನದಲ್ಲಿ ಗುಜರಾತಿಯಲ್ಲಿ ಬರೆದದ್ದು. ಮುಂದಿನ ವರ್ಷ ಮುಂಬೈ ಸರ್ಕಾರ ನಿಷೇಧ ಹಾಕಿತು, ಗಾಂಧಿ ತಾವೇ ಇಂಗ್ಲಿಷಿಗೆ ತಂದು ಪ್ರಕಟಿಸಿದರು. ಇರೋದು ಇಪ್ಪತ್ತು ಪುಟ್ಟ ಅಧ್ಯಾಯ. ನಿಮ್ಮ ವಿಷಯಕ್ಕೆ 9 (ರೈಲು), 11 (ವಕೀಲರು), 12 (ವೈದ್ಯರು), 18 (ಶಿಕ್ಷಣ), 19 (ಯಂತ್ರ) ಸಾಕು. ಸಂಪಾದಕ ಮತ್ತು ಓದುಗ ಮಾತಾಡೋ ರೂಪದಲ್ಲಿದೆ, ಬಳಗದಲ್ಲಿ ಇಬ್ಬರು ಪಾತ್ರ ಹಂಚಿಕೊಂಡು ಓದಿ, ಓದುಗನ ಪಾತ್ರಕ್ಕೆ ಜಗಳಗಂಟರನ್ನ ಕೂರಿಸಿ.

ಕೊಳ್ಳುವಾಗ ಅನುಬಂಧ ಇರೋ ಮುದ್ರಣ ನೋಡಿ ತಗೊಳ್ಳಿ. ಮುಂದೇನು ಓದಬೇಕು ಅಂತ ಗಾಂಧಿ ಅಲ್ಲಿ ಇಪ್ಪತ್ತು ಪುಸ್ತಕದ ಪಟ್ಟಿ ಕೊಟ್ಟಿದ್ದಾರೆ: ಟಾಲ್‌ಸ್ಟಾಯ್, ಥೋರೋ, ರಸ್ಕಿನ್, ಕಾರ್ಪೆಂಟರ್, ನವರೋಜಿ, ದತ್. ಅದರಲ್ಲೊಂದು ಟೇಲರ್ ಅನ್ನೋರ ‘ದಿ ಫ್ಯಾಲಸಿ ಆಫ್ ಸ್ಪೀಡ್’. ವೇಗದ ಮೇಲಿನ ಅನುಮಾನ ಇಲಿಚ್‌ಗಿಂತ ಅರವತ್ತು ವರ್ಷ ಹಳೇದು.

ಬೆಳಕಿಂಡಿ:
ಒಪ್ಪಿದೆ, ಒಂದು ಷರತ್ತಿನ ಮೇಲೆ. ‘ಹಿಂದ್ ಸ್ವರಾಜ್’ ಆದ ಮರುವಾರವೇ ‘ಜಾತಿ ವಿನಾಶ’ ಇಡಿ. ಎರಡರ ನಡುವೆ ತಿಂಗಳು ಬಿಟ್ಟರೆ ಜಗಳವೇ ಆರಿಹೋಗುತ್ತದೆ. 1937ರ ಮುದ್ರಣದ ಪಠ್ಯವನ್ನೇ ತೆಗೆದುಕೊಳ್ಳಿ, ಗಾಂಧಿ ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಬರೆದ ಪ್ರತಿಕ್ರಿಯೆ ಮತ್ತು ಅದಕ್ಕೆ ಅಂಬೇಡ್ಕರರ ಉತ್ತರ ಎರಡೂ ಅದರಲ್ಲಿವೆ. ಮೊದಲು ಮಂಡಲದ ಜೊತೆಗಿನ ಪತ್ರಗಳು, ಆಮೇಲೆ ಭಾಷಣ, ಆಮೇಲೆ ಗಾಂಧಿ, ಕೊನೆಗೆ ಉತ್ತರ. ಪತ್ರಗಳನ್ನು ಹಾರಿಸಿದರೆ ಭಾಷಣ ಯಾಕೆ ಅಷ್ಟು ಖಾರವಾಗಿದೆ ಎಂಬುದು ತಿಳಿಯುವುದಿಲ್ಲ. ಕನ್ನಡದಲ್ಲಿ ಬೇಕಾದವರು ಸರ್ಕಾರ ತಂದಿರುವ ಅಂಬೇಡ್ಕರ್ ಬರಹ ಭಾಷಣಗಳ ಮೊದಲ ಸಂಪುಟ ನೋಡಿ. ಬಿಡಿ ಪುಸ್ತಕವಾಗಿ ಮಾರುವ ಕೆಲವು ಪ್ರತಿಗಳಲ್ಲಿ ಭಾಷಣ ಮಾತ್ರ ಇರುತ್ತದೆ, ದುಡ್ಡು ಕೊಡುವ ಮೊದಲು ಪರಿವಿಡಿ ತೆರೆದು ನೋಡಿ.

ಹಂಪಿದಾರಿ:
ಧರಂಪಾಲರ ಐದೂ ಸಂಪುಟ ಗೋವಾದ ಅದರ್ ಇಂಡಿಯಾ ಪ್ರೆಸ್‌ನವರು 2000ದಾಗ ತಂದಾರ್ರಿ, ‘ಬ್ಯೂಟಿಫುಲ್ ಟ್ರೀ’ ಮೂರನೇದು. ಇಂಟರ್‌ನೆಟ್ ಆರ್ಕೈವ್‌ನಾಗೂ ಸಿಗತೈತಿ. ಜಿಲ್ಲಾವಾರು ಪಟ್ಟಿ ಫೋನಿನ ಪರದೆ ಮ್ಯಾಲೆ ಓದಾಕ ಹೋಗಬ್ಯಾಡ್ರಿ, ಕಾಲಂ ಜರಗಿ ಶೂದ್ರರ ಅಂಕಿ ವೈಶ್ಯರ ಸಾಲಿಗೆ ಕೂಡತೈತಿ. ಆ ಪುಟಗಳನ್ನ ಅಡ್ಡ ಹಾಳ್ಯಾಗ ಪ್ರಿಂಟ್ ತಗೀರಿ, ಬಳ್ಳಾರಿ ಸಾಲು ಕೂಡಿಸಿ ನೋಡ್ರಿ. 6,641 ಬಂದ್ರ ಪುಟ ಸರಿ ಐತಿ ಅಂತ ಲೆಕ್ಕ.